ಪಾಚಿ ನೋಡಿಕೋ

ನಾನು ಕೆಲಸಕ್ಕೆ ಸೇರಿದಾಗ ಆಸ್ಪತ್ರೆಯ ಬೋರ್ಡಿನಲ್ಲಿ ಒಂದು ಅಕ್ಷರ ಉದುರಿಹೋಗಿತ್ತು. ‘ಹಲ್ಲಿನ ವೈದ್ಯರು’ ಅಂತ ಇರಬೇಕಾದ ಕಡೆ ‘ಹಲ್ಲಿ ವೈದ್ಯರು’ ಅಂತ ಉಳಿದಿತ್ತು. ಕೆಳಗಿನ ಚಪ್ಪಲಿ ಅಂಗಡಿಯವನು ಮೆಟ್ಟಿಲು ಹತ್ತುವವರನ್ನೆಲ್ಲ ನಿಲ್ಲಿಸಿ, “ನಿಮ್ಮನೆ ಹಲ್ಲಿಗೆ ಏನಾಯ್ತು?” ಅಂತ ವಿಚಾರಿಸುತ್ತಿದ್ದ. ಅದನ್ನು ಸರಿಮಾಡಿಸುವ ಆತುರ ಡಾಕ್ಟರಿಗೆ ಇರಲಿಲ್ಲ. “ನಗ್ತಾ ಮೇಲೆ ಬಂದ್ರೆ ಅರ್ಧ ನೋವು ಮೆಟ್ಟಿಲ ಮೇಲೇ ಹೋಗಿರತ್ತೆ ಬಿಡು” ಅನ್ನುತ್ತಿದ್ದರು.

ಆಗ ನನಗೆ ಇಪ್ಪತ್ತಮೂರು. ಟೈಪಿಂಗ್ ಕಲಿತಿದ್ದೆ, ಟೈಪ್ ಮಾಡಿಸುವವರು ಸಿಕ್ಕಿರಲಿಲ್ಲ. “ಹಲ್ಲಿನ ಆಸ್ಪತ್ರೆ ಮುಚ್ಚೋ ಮಾತೇ ಇಲ್ಲ, ಜನ ಸಿಹಿ ತಿನ್ನೋದು ಬಿಡಲ್ಲ” ಅಂತ ಹೇಳಿ ಅಮ್ಮ ಕಳಿಸಿದ್ದಳು. ಹತ್ತೊಂಬತ್ತು ವರ್ಷ ಅಲ್ಲೇ ಕೂತೆ. ಆ ಮೇಲೆ ಬೇರೆ ಕಡೆಯೂ ಕೆಲಸ ಮಾಡಿದ್ದೇನೆ, ದೊಡ್ಡ ಕಟ್ಟಡಗಳಲ್ಲಿ, ತಣ್ಣನೆಯ ಕೋಣೆಗಳಲ್ಲಿ. ಆದರೆ ಕಣ್ಣು ಮುಚ್ಚಿದರೆ ಬರುವುದು ಅದೇ ಕೋಣೆ. ಗೋಡೆಗೆ ಒರಗಿಸಿದ ಆರು ಕುರ್ಚಿ, ಅದರಲ್ಲಿ ಒಂದರ ಕಾಲು ಕುಂಟು. ಲವಂಗದೆಣ್ಣೆಯ ವಾಸನೆ. ಒಳಗಿನಿಂದ ಡಾಕ್ಟರ ಯಂತ್ರದ ಕೊರೆತ, ಅದು ಶುರುವಾದ ಕೂಡಲೇ ಆರೂ ಕುರ್ಚಿಯವರು ಒಟ್ಟಿಗೆ ಕೈ ಕೆನ್ನೆಗೆ ಇಟ್ಟುಕೊಳ್ಳುವುದು.

ಡಾಕ್ಟರ ಕೋಣೆಯ ಹಿಂದೆ ಹಲ್ಲಕ್ಕನ ಕೋಣೆ. ಹಲ್ಲಕ್ಕ ಹಲ್ಲು ಕಟ್ಟುವವರು. ಡಾಕ್ಟರು ಬಾಯಿಯ ಅಳತೆ ತೆಗೆದು ಕೊಟ್ಟರೆ ಇವರು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಮೇಣದಲ್ಲಿ ಒಸಡು ಎಬ್ಬಿಸಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದರು. ಊರಿನ ಅರ್ಧಕ್ಕರ್ಧ ಹಿರಿಯರು ಅಗಿಯುತ್ತಿದ್ದದ್ದು ಅವರು ಮಾಡಿದ ಹಲ್ಲಿನಲ್ಲಿ. ಆಗ ಅವರಿಗೆ ಐವತ್ತೆರಡು ವರ್ಷ, ಮದುವೆ ಆಗಿರಲಿಲ್ಲ. ಜನರ ಮುಖ ಅವರಿಗೆ ಮರೆತುಹೋಗುತ್ತಿತ್ತು, ಹಲ್ಲು ಮರೆಯುತ್ತಿರಲಿಲ್ಲ. ಒಂದು ಸಲ ಬಸ್ಸಿನಲ್ಲಿ ಎದುರು ಕೂತ ಮುದುಕಿ ನಕ್ಕಾಗ, “ಮೇಲಿನ ಎಡಗಡೆ ಸ್ವಲ್ಪ ಚುಚ್ಚುತ್ತಾ ಇನ್ನೂ?” ಅಂತ ಕೇಳಿಬಿಟ್ಟರು. ಮುದುಕಿ ಬೆಚ್ಚಿ ಬಾಯಿ ಮುಚ್ಚಿಕೊಂಡಳಂತೆ. ಎಲ್ಲರಿಗೂ ಅವರು ಹಲ್ಲಕ್ಕ. ನನಗೆ ‘ಚೀಟಿ’ ಅಂತ ಹೆಸರಿಟ್ಟವರೂ ಅವರೇ, ರೋಗಿಗಳಿಗೆ ನಾನು ಚೀಟಿ ಬರೆದುಕೊಡುತ್ತಿದ್ದೆನಲ್ಲ, ಅದಕ್ಕೆ.

ಕಾಯುವ ಕೋಣೆಯಲ್ಲಿ ಮೊದಲು ಮೀನಿನ ತೊಟ್ಟಿ ಇತ್ತು. ಮೀನು ನೋಡುತ್ತಾ ಕೂತರೆ ಹೆದರಿಕೆ ಕಡಿಮೆಯಾಗುತ್ತದೆ ಅಂತ ಡಾಕ್ಟರು ಎಲ್ಲೋ ಓದಿದ್ದರು. ಮೀನಿಗೆ ತಿಂಡಿ ಹಾಕುವ ಕೆಲಸ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಪ್ರೀತಿಯಿಂದ ಹಾಕಿ ಹಾಕಿ ಒಂದೊಂದನ್ನೇ ಕಳಿಸಿಕೊಟ್ಟರು. ಕೊನೆಯದೂ ಹೋದ ದಿನ ತೊಟ್ಟಿಯ ಮೂಲೆಯಿಂದ ನೀರು ಬೇರೆ ಜಿನುಗತೊಡಗಿತು. ಎಸೆಯೋಣ ಅಂದಾಗ ಹಲ್ಲಕ್ಕ ಪ್ಲಾಸ್ಟರಿನ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

“ನೀರು ನಿಲ್ಲಲ್ಲ ಅಷ್ಟೇ ತಾನೆ? ತೇವ ನಿಲ್ಲತ್ತೆ. ನಂಗೆ ಕೊಡಿ” ಅಂದರು.

ಮೂರು ಭಾನುವಾರ ಕೂತು ಅದನ್ನು ತೋಟ ಮಾಡಿದರು. ತಳಕ್ಕೆ ಬೆಣಚುಕಲ್ಲು, ಅದರ ಮೇಲೆ ಇದ್ದಿಲು, ಮೇಲೊಂದು ಬಲೆ, ಆಮೇಲೆ ತೊಗಟೆಯ ಚೂರು. ಹಿಂಬದಿಗೆ ಬೆಂಡಿನ ಹಲಗೆ ಅಂಟಿಸಿದರು. ಕಟ್ಟಡದ ಹಿಂದೆ ನೀರಿನ ಕೊಳವೆ ಸೋರಿ ಗೋಡೆಯೆಲ್ಲ ಹಸಿರಾಗಿತ್ತು. ಅಲ್ಲಿಂದ ಪಾಚಿಯನ್ನು ಮೇಣದ ಚಾಕುವಿನಲ್ಲಿ ರೊಟ್ಟಿ ಎಬ್ಬಿಸಿದ ಹಾಗೆ ಎಬ್ಬಿಸಿ ತಂದು ಹಾಸಿದರು. ಆಮೇಲೆ ಅಂಚೆಯಲ್ಲಿ ಒಂದು ಡಬ್ಬಿ ಬಂತು. ಒದ್ದೆ ಕಾಗದದಲ್ಲಿ ಸುತ್ತಿದ ಏಳು ಗಿಡ.

“ಇದೇನಕ್ಕ, ಕೊತ್ತಂಬರಿ ಬೀಜ ಮೊಳೆತ ಹಾಗಿದೆ” ಅಂದೆ.

“ಆರ್ಕಿಡ್ ಕಣೇ. ಇದರ ಜಾತೀನೇ ಇಷ್ಟು. ಬೆಳೆದು ದೊಡ್ಡದಾದ್ರೂ ಇಷ್ಟೇ.”

ಹಲ್ಲಿನ ಸಂದಿ ಉಜ್ಜುವ ದಾರದಲ್ಲಿ ಅವನ್ನು ತೊಗಟೆಯ ತುಂಡುಗಳಿಗೆ ಕಟ್ಟಿ, ಬೆಂಡಿನ ಗೋಡೆಗೆ ಚುಚ್ಚಿ ನಿಲ್ಲಿಸಿದರು. ಮೇಲೆ ಗಾಜಿನ ಮುಚ್ಚಳ, ಎರಡು ಬೆರಳಷ್ಟು ಸಂದಿ ಬಿಟ್ಟು. ಗಾಳಿ ಆಡಲಿ ಅಂತ ಕೆಟ್ಟ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ಸಿಕ್ಕಿಸಿದರು. ನೀರಿಗೇನೂ ಚಿಂತೆ ಇರಲಿಲ್ಲ. ಉಪಕರಣ ಕುದಿಸುವ ಯಂತ್ರಕ್ಕೆ ಅಂತ ಡಾಕ್ಟರು ಭಟ್ಟಿ ಇಳಿಸಿದ ನೀರು ಇಟ್ಟಿರುತ್ತಿದ್ದರು. ಉಪ್ಪಿಲ್ಲದ, ಸುಣ್ಣವಿಲ್ಲದ ಆ ನೀರು ಪಾಚಿಗೂ ಆರ್ಕಿಡ್‌ಗೂ ಅಮೃತ.

ಹೂ ಬಿಟ್ಟಾಗ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸೊಳ್ಳೆ ಕೂತಿದೆಯೋ ಅನ್ನಬೇಕು. ಹಲ್ಲಕ್ಕ ಬಾಯೊಳಗೆ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಎಲೆಯಡಿಗೆ ತೂರಿಸಿ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು, “ಈಗ ನೋಡು” ಅನ್ನುತ್ತಿದ್ದರು. ಕನ್ನಡಿಯಲ್ಲಿ ಒಂದು ಪೂರ್ತಿ ಹೂವು. ದಳ, ನಾಲಗೆ, ನಾಲಗೆಯ ಮೇಲೆ ಮೂರು ಕೆಂಪು ಗೆರೆ, ಎಲ್ಲಾ. ಅಷ್ಟು ಸಣ್ಣದಕ್ಕೆ ಅಷ್ಟೆಲ್ಲ ಯಾಕೆ ಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಆ ತೋಟಕ್ಕೆ ಒಬ್ಬ ಕಾಯಂ ಗಿರಾಕಿ ಇದ್ದರು. ಭೂಗೋಳದ ಮೇಷ್ಟ್ರು. ನಿವೃತ್ತರಾಗಿ ಎರಡು ವರ್ಷವಾಗಿತ್ತು, ಹೆಂಡತಿ ತೀರಿಕೊಂಡು ಆರು ವರ್ಷ. ಅಂಚೆ ಕಚೇರಿಯ ಹಿಂದೆ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಅವರ ಮೇಲಿನ ಸಾಲು ಹಲ್ಲಕ್ಕ ಕಟ್ಟಿದ್ದು. ಅದು ತಿಂಗಳಿಗೆರಡು ಸಲ ಸಡಿಲವಾಗುತ್ತಿತ್ತು. ಡಾಕ್ಟರು ಕೂರಿಸಿ ನೋಡುತ್ತಿದ್ದರು, ಬಂಡೆಯ ಹಾಗೆ ಗಟ್ಟಿ. ಆದರೂ ಮೇಷ್ಟ್ರು, “ಇಲ್ಲ ಡಾಕ್ಟರೇ, ಎಲ್ಲೋ ಸ್ವಲ್ಪ ಅಲ್ಲಾಡ್ತಿದೆ. ಮೇಡಂ ಒಂದ್ಸಲ ನೋಡ್ಲಿ” ಅನ್ನುತ್ತಿದ್ದರು. ಮೇಡಂ ಹೊರಗೆ ಬರುತ್ತಿದ್ದರು. ಆಮೇಲೆ ಹಲ್ಲಿನ ಮಾತು ಇಬ್ಬರಿಗೂ ಮರೆತುಹೋಗುತ್ತಿತ್ತು.

“ಇಲ್ಲಿ ವರ್ಷಕ್ಕೆ ಎಷ್ಟು ಮಳೆ?” ಮೇಷ್ಟ್ರು ಗಾಜಿಗೆ ಮೂಗು ತಾಗಿಸಿ ಕೇಳುತ್ತಿದ್ದರು.

“ವರ್ಷದ್ದು ಗೊತ್ತಿಲ್ಲ ಮೇಷ್ಟ್ರೇ. ದಿನಕ್ಕೆರಡು ಸಲ. ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ.”

“ಅದೃಷ್ಟವಂತ ದೇಶ.”

ಪಾಚಿಯ ದಿಬ್ಬಗಳಿಗೆ ಅವರು ಹೆಸರಿಟ್ಟಿದ್ದರು. ಉತ್ತರದ ಗುಡ್ಡ, ಮಾಸ್ತರರ ಕಣಿವೆ, ದೊಡ್ಡ ಇಳಿಜಾರು. ಇಳಿಜಾರಿನ ಬುಡದಲ್ಲಿ ಏಳರಲ್ಲೇ ಸಣ್ಣ ಆರ್ಕಿಡ್ ಇತ್ತು. ಎಲೆ ಒಂದೊಂದೂ ಜೀರಿಗೆಯಷ್ಟು. ಉಳಿದ ಆರೂ ಹೂ ಬಿಟ್ಟು ಮುಗಿಸಿದ್ದವು, ಇದೊಂದು ಮೂರು ವರ್ಷದಿಂದ ಸುಮ್ಮನಿತ್ತು. ಮೇಷ್ಟ್ರು ಅದನ್ನು ‘ಗಡಿ ಗ್ರಾಮ’ ಅನ್ನುತ್ತಿದ್ದರು. ನಾಲ್ಕನೆಯ ವರ್ಷ ಒಂದು ದಿನ ಹಲ್ಲಕ್ಕ ಕನ್ನಡಿ ತೂರಿಸಿ ಬಹಳ ಹೊತ್ತು ನೋಡಿ, “ಮೊಗ್ಗು” ಅಂದರು. ಅಷ್ಟೇ. ಆದರೆ ಅವತ್ತು ಕಟ್ಟಿದ ಹಲ್ಲಿನ ಸೆಟ್ಟು ಪಾಲಿಶ್ ಮಾಡುವಾಗ ಒಳಗಿನಿಂದ ಗುನುಗು ಕೇಳಿಸಿತು.

ಅದಾಗಿ ವಾರಕ್ಕೆ ಅವರ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ ಅಂತ ಫೋನು ಬಂತು. ಐದು ಗಂಟೆ ಬಸ್ ಪ್ರಯಾಣದ ಊರು. ಅಕ್ಕನಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಹಲ್ಲಕ್ಕ ಅರ್ಧ ದಿನದಲ್ಲಿ ಹೊರಟರು. ಹೋಗುವಾಗ ತೊಟ್ಟಿಯ ಜವಾಬ್ದಾರಿ ನನಗೆ ಕೊಟ್ಟು, ಒಂದು ಚೀಟಿ ಬರೆದು ಗಾಜಿಗೆ ಅಂಟಿಸಿದರು. ಒಂಬತ್ತಕ್ಕೆ ನೀರು, ನಾಲ್ಕಕ್ಕೆ ನೀರು. ಮುಚ್ಚಳ ಪೂರ್ತಿ ಮುಚ್ಚಬೇಡ. ಫ್ಯಾನು ನಿಲ್ಲಿಸಬೇಡ. ಕೊನೆಯಲ್ಲಿ, ಪಾಚಿ ನೋಡಿಕೋ.

ನಾನು ಪಾಚಿಯನ್ನು ನೋಡಿಕೊಂಡೆ. ನೋಡಿಕೋ ಅಂದಿದ್ದಾರೆ, ಚೆನ್ನಾಗಿಯೇ ನೋಡಿಕೊಳ್ಳೋಣ ಅಂತ ದಿನಕ್ಕೆರಡು ಇದ್ದ ಮಳೆಯನ್ನು ನಾಲ್ಕು ಮಾಡಿದೆ. ಪಾಚಿ ಉಬ್ಬಿತು. ದಿಬ್ಬಗಳು ದುಂಡಗಾದವು. ಕಣಿವೆ ತುಂಬಿತು. ರೋಗಿಗಳೆಲ್ಲ, “ಏನಮ್ಮಾ, ಮಖಮಲ್ಲು ಹಾಸಿದ ಹಾಗಿದೆ” ಅಂತ ಹೊಗಳಿದರು. ಹಲ್ಲಕ್ಕ ವಾಪಸು ಬಂದಾಗ ಏನು ಅನ್ನಬಹುದು ಅಂತ ಮನಸ್ಸಿನಲ್ಲೇ ಹೇಳಿಸಿಕೊಂಡು ಖುಷಿಪಡುತ್ತಿದ್ದೆ.

ಇನ್ನೊಂದು ಮಾತು. ಹಲ್ಲಕ್ಕ ಹೋದ ಮೇಲೆ ಮೇಷ್ಟ್ರ ಹಲ್ಲು ಸಡಿಲವಾಗುವುದು ನಿಂತುಹೋಯಿತು.

ಎರಡೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದರು. ಹಲ್ಲಿಗೇನೂ ಆಗಿಲ್ಲ, ಸುಮ್ಮನೆ ಈ ಕಡೆ ಬಂದಿದ್ದೆ ಅಂದರು. ಮೇಡಂ ಯಾವಾಗ ಬರುತ್ತಾರೆ ಅಂತ ಗೋಡೆಯ ಕ್ಯಾಲೆಂಡರಿಗೆ ಕೇಳಿದರು. ಗೊತ್ತಿಲ್ಲ ಅಂದೆ. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದವರು ಬಗ್ಗಿಯೇ ಇದ್ದರು.

“ಚೀಟಿ, ಇಲ್ಲೊಂದು ಊರಿತ್ತಲ್ಲಮ್ಮ.”

“ಯಾವ ಊರು?”

“ಗಡಿ ಗ್ರಾಮ.”

ಹೋಗಿ ನೋಡಿದೆ. ಇಳಿಜಾರಿನ ಬುಡದಲ್ಲಿ ಹಸಿರು ಮೆತ್ತೆ ಬಿಟ್ಟರೆ ಏನೂ ಇಲ್ಲ. ಆ ಗಿಡವನ್ನು ನಾನು ಕೊನೆಯ ಸಲ ಕಂಡದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ನಿಂತಿದ್ದೆ. ನೋಡುತ್ತಿದ್ದದ್ದು ಪಾಚಿಯನ್ನು. “ಅಯ್ಯೋ!” ಅಂತ ಕೂಗಿಬಿಟ್ಟೆ.

ನನ್ನ ದನಿ ಕೇಳಿ ಡಾಕ್ಟರು ಹೊರಗೆ ಬಂದರು. ಅವರ ಕುರ್ಚಿಯಲ್ಲಿ ಹೊಲಿಗೆ ಅಂಗಡಿಯ ಹೆಂಗಸು ಕೂತಿದ್ದಳು, ದವಡೆ ಮರಗಟ್ಟಲು ಸೂಜಿ ಚುಚ್ಚಿಸಿಕೊಂಡು. ಡಾಕ್ಟರು ವಿಷಯ ಕೇಳಿ ಗಡಿಯಾರ ನೋಡಿದರು. “ಮದ್ದು ಹಿಡಿಯೋಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಇದನ್ನ ನೋಡೋಣ, ತಗೊಂಡು ಬನ್ನಿ” ಅಂದರು.

ಮೇಷ್ಟ್ರು ಆ ಭಾಗದ ಪಾಚಿಯನ್ನು ತೊಗಟೆ ಸಮೇತ ಎಬ್ಬಿಸಿ ಎರಡೂ ಕೈಯಲ್ಲಿ ಹಿಡಿದು ತಂದರು. ಅದನ್ನು ಉಪಕರಣದ ತಟ್ಟೆಯಲ್ಲಿಟ್ಟು ಡಾಕ್ಟರು ದೊಡ್ಡ ದೀಪ ಎಳೆದುಕೊಂಡರು. ಚಿಮುಟದಲ್ಲಿ ಒಂದೊಂದೇ ಎಳೆ ಪಾಚಿ ಕೀಳತೊಡಗಿದರು. ಅವರ ದಪ್ಪ ಬೆರಳು ಅಷ್ಟು ಹಗುರ ಅಂತ ನನಗೆ ಗೊತ್ತಾದದ್ದು ಅವತ್ತು. ಹೊಲಿಗೆಯ ಹೆಂಗಸು ಎದ್ದು ಕೂತು, ಕೇಳದಿದ್ದರೂ ಬಾಯಿಕನ್ನಡಿ ಹಿಡಿದು ಬೆಳಕು ಬೀಳಿಸಿದಳು. ಅವಳ ಬಾಯಿ ಒಂದು ಕಡೆ ಜೋತಿತ್ತು.

“ಅಯ್ಯೊಂಯು ಹಸಿಯು ಇಯೆ” ಅಂದಳು.

“ಏನಂತೆ?” ಡಾಕ್ಟರು ಕೇಳಿದರು.

“ಅಲ್ಲೊಂದು ಹಸಿರು ಇದೆಯಂತೆ” ಮೇಷ್ಟ್ರು ಅನುವಾದಿಸಿದರು.

ಇತ್ತು. ಎಂಟು ಎಲೆಯಲ್ಲಿ ಐದು ಕೊಳೆತು ಗಾಜಿನ ಹಾಗಾಗಿದ್ದವು. ಮೊಗ್ಗು ಕರಗಿಹೋಗಿತ್ತು, ಅದರ ಗುರುತೂ ಇರಲಿಲ್ಲ. ಮೂರೆಲೆ ಮಾತ್ರ ಉಳಿದಿದ್ದವು. ಡಾಕ್ಟರು ಬ್ಲೇಡಿನಿಂದ ಕೊಳೆತದ್ದನ್ನು ಬಿಡಿಸುತ್ತಾ ಅಭ್ಯಾಸಬಲದಿಂದ, “ನೋವಾದ್ರೆ ಕೈ ಎತ್ತು” ಅಂದುಬಿಟ್ಟರು. ಯಾರೂ ನಗಲಿಲ್ಲ.

“ಬೇರು ಹಾಳಾಗಿದೆ. ಒಂದೂವರೆ ಉಳಿದಿದೆ. ಇನ್ನು ನನ್ನ ಕೈಲಿಲ್ಲ. ಅವರಿಗೆ ಫೋನ್ ಮಾಡು” ಅಂದರು.

ನನ್ನ ಮೇಜಿನ ಫೋನಿನಿಂದ ಮಾಡಿದೆ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.

“ಅಕ್ಕಾ, ನಾನು, ಚೀಟಿ.”

“ಹೇಳೇ. ಡಾಕ್ಟರು ಆರಾಮಾ?”

“ಆರಾಮು. ಅಕ್ಕಾ, ಆ ಚಿಕ್ಕ ಗಿಡ ಪಾಚಿ ನುಂಗಿಬಿಡ್ತು. ಪಾಚಿ ನೋಡಿಕೋ ಅಂತ ಬರೆದಿದ್ರಲ್ಲ, ನಾನು ನೋಡ್ಕೊಂಡೆ.”

“ಹೇಗೆ ನೋಡ್ಕೊಂಡೆ?”

“ಚೆನ್ನಾಗಿ ನೋಡ್ಕೊಂಡೆ.”

ಆ ಕಡೆಯಿಂದ ಒಂದು ಥರ ಉಸಿರು ಕೇಳಿಸಿತು. ಅಳುತ್ತಿದ್ದಾರೆ ಅಂದುಕೊಂಡು ನಾನೂ ಅಳಲು ಶುರುಮಾಡಿದೆ. ಅವರು ನಗುತ್ತಿದ್ದರು.

“ಅಯ್ಯೋ ಮಂಕೇ, ಪೊಲೀಸು ಕಳ್ಳನ್ನ ನೋಡ್ಕೊಳ್ಳೋ ಹಾಗೆ ನೋಡ್ಕೋ ಅಂತ ನಾನು ಬರೆದಿದ್ದು. ನೀನು ಅತ್ತೆ ಅಳಿಯನ್ನ ನೋಡ್ಕೊಳ್ಳೋ ಹಾಗೆ ನೋಡ್ಕೊಂಡಿದ್ದೀಯ.” ನಗು ನಿಂತ ಮೇಲೆ, “ತಪ್ಪು ನಂದೇ. ಪಾಚಿ ಪಕ್ಕದಲ್ಲಿದ್ರೆ ಅದಕ್ಕೆ ತಂಪು, ಮೈಮೇಲೆ ಬಂದ್ರೆ ಉಸಿರು ಕಟ್ಟತ್ತೆ. ಆ ಬೇರಿಗೆ ನೀರಿಗಿಂತ ಗಾಳಿ ಬೇಕು. ವಾರಕ್ಕೊಂದ್ಸಲ ನಾನೇ ಚಿಮುಟದಲ್ಲಿ ಹಿಂದಕ್ಕೆ ತಳ್ತಿದ್ದೆ, ನಿಂಗೆ ತೋರಿಸಿರ್ಲಿಲ್ಲ. ಎಲೆ ಎಷ್ಟಿದೆ?”

“ಮೂರು.”

“ಸಾಕು. ಮೇಷ್ಟ್ರು ಅಲ್ಲಿದಾರಾ?”

ಅವರಿಗೆ ಹೇಗೆ ಗೊತ್ತಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಫೋನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಹೂಂ, ಹೂಂ ಅನ್ನುತ್ತಾ ನನ್ನ ಪೆನ್ನು ತೆಗೆದುಕೊಂಡು ಚೀಟಿಯ ಪುಸ್ತಕದಲ್ಲಿ ಬರೆದುಕೊಂಡರು. ಹೊಸ ಒಣ ತೊಗಟೆಗೆ ಕಟ್ಟಬೇಕು, ಪಾಚಿ ಇಲ್ಲದ್ದಕ್ಕೆ. ಮುಚ್ಚಳದ ಹತ್ತಿರ ಎತ್ತರದಲ್ಲಿ ತೂಗುಹಾಕಬೇಕು. ಬೆಳಿಗ್ಗೆ ಒಂದೇ ಸಲ ನೀರು. ಬರೆದುಕೊಂಡದ್ದು ಎರಡು ನಿಮಿಷದ ವಿಷಯ, ಮಾತಾಡಿದ್ದು ಅರ್ಧ ಗಂಟೆ. ನಾನು ಹೊಲಿಗೆಯ ಹೆಂಗಸಿಗೆ ನೀರು ಕೊಡುವ ನೆಪದಲ್ಲಿ ಒಳಗೆ ಹೋದೆ.

ಅಲ್ಲಿಂದ ಪ್ರತಿ ಗುರುವಾರ ಮೂರು ಗಂಟೆಗೆ ಮೇಷ್ಟ್ರು ಬರುತ್ತಿದ್ದರು. ಗಿಡ ನೋಡಿ, ಭೂತಗನ್ನಡಿ ಒರೆಸಿಟ್ಟು, ಫೋನು ತಿರುಗಿಸಿ ವರದಿ ಒಪ್ಪಿಸುತ್ತಿದ್ದರು. “ನಡುವಿನ ಎಲೆ ಹಾಗೇ ಇದೆ ಮೇಡಂ. ಎಡಗಡೆಯದರ ತುದಿ ಸ್ವಲ್ಪ ಹಳದಿ. ಇಲ್ಲ, ಹೆಚ್ಚಾಗಿಲ್ಲ. ನಿಮ್ಮ ಅಕ್ಕ ಇವತ್ತು ನಡೆದ್ರಾ?” ಗಿಡದ ವರದಿ ವಾರ ವಾರ ಚಿಕ್ಕದಾಗುತ್ತಾ, ಉಳಿದದ್ದು ಉದ್ದವಾಗುತ್ತಾ ಹೋಯಿತು. ಅವರ ಹೆಂಡತಿ ಯಾವ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿದ್ದರು, ಹಲ್ಲಕ್ಕನ ತಂದೆ ಯಾಕೆ ಇವರನ್ನು ಓದಲು ಬಿಟ್ಟರು, ಅಕ್ಕನನ್ನು ಯಾಕೆ ಬಿಡಲಿಲ್ಲ, ಎಲ್ಲಾ ನನಗೆ ಒಂದು ಕಡೆಯದು ಮಾತ್ರ ಕೇಳಿಸುತ್ತಿತ್ತು. ಮೂರು ಗಂಟೆಗೆ ಯಾವ ರೋಗಿಗೂ ಸಮಯ ಕೊಡದ ಹಾಗೆ ಚೀಟಿ ಬರೆಯುವುದನ್ನು ನಾನು ಕಲಿತೆ. ಡಾಕ್ಟರಿಗೆ ಗೊತ್ತಿತ್ತು. “ಗುರುವಾರ ನಮ್ಮೂರಲ್ಲಿ ಯಾರಿಗೂ ಹಲ್ಲುನೋವು ಬರಲ್ಲ ನೋಡು” ಅಂದು ಒಳಗೆ ಹೋಗಿ ಪೇಪರು ಓದುತ್ತಿದ್ದರು. ಆ ಗುರುವಾರಗಳು ನನಗೆ ಎಷ್ಟು ಇಷ್ಟವಾಗಿದ್ದವು ಅಂತ ಆಗ ತಿಳಿದಿರಲಿಲ್ಲ. ಕೊಳವೆಯಿಂದ ನೀರು ತೊಟ್ಟಿಕ್ಕುವ ಸದ್ದು, ಫ್ಯಾನಿನ ಗುಂಯ್, ನಡುವೆ ಮೇಷ್ಟ್ರ ತಗ್ಗಿದ ದನಿ.

ಗಿಡ ಬದುಕಿತು. ಐದನೆಯ ತಿಂಗಳಿಗೆ ಹಸಿರು ತುದಿಯ ಒಂದು ಬೇರು ಹೊರಟು ತೊಗಟೆ ಹಿಡಿಯಿತು. ಆ ವಾರದ ಫೋನಿನಲ್ಲಿ ಹಲ್ಲಕ್ಕ, ಇನ್ನು ಭಯವಿಲ್ಲ, ವಾರ ವಾರ ನೋಡುವ ಅಗತ್ಯವಿಲ್ಲ ಅಂದರು. ಅದೇ ಉಸಿರಿನಲ್ಲಿ, ತಾನು ವಾಪಸು ಬರುವುದಿಲ್ಲ ಅಂತಲೂ ಹೇಳಿದರು. ಅಕ್ಕ ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟಾಗಿದ್ದಾರೆ, ಅದಕ್ಕಿಂತ ಹೆಚ್ಚು ಆಗುವ ಹಾಗಿಲ್ಲ. ಅಲ್ಲೇ ಒಬ್ಬ ಹಲ್ಲಿನ ಡಾಕ್ಟರಿಗೆ ಮನೆಯಿಂದಲೇ ಹಲ್ಲು ಕಟ್ಟಿಕೊಡುವುದು ಅಂತ ಮಾತಾಗಿದೆ.

ಮೇಷ್ಟ್ರು ಫೋನು ಇಟ್ಟರು. ಕುಂಟು ಕುರ್ಚಿಯಲ್ಲಿ ಹೋಗಿ ಕೂತರು, ಅದು ಕುಂಟು ಅಂತ ಗೊತ್ತಿದ್ದೂ. ಮುಂದಿನ ಗುರುವಾರ ಬಂದರು, ಗಿಡ ನೋಡಿದರು, ಫೋನು ಮುಟ್ಟಲಿಲ್ಲ. ಅದರ ಮುಂದಿನ ಗುರುವಾರ ಬಂದು ಡಾಕ್ಟರ ಕುರ್ಚಿಯಲ್ಲೇ ಕೂತು ಹಲ್ಲು ಸಡಿಲ ಅಂದರು. ಡಾಕ್ಟರು ಕೈ ತೊಳೆಯಲು ಹೋಗಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ.

“ಮೇಷ್ಟ್ರೇ, ನಿಮ್ಮ ಹಲ್ಲಿಗೆ ಏನೂ ಆಗಿಲ್ಲ. ಬಾಯಿ ಬಿಡಿ” ಅಂದೆ.

ಅವರು ನಿಜವಾಗಿಯೂ ಬಾಯಿ ತೆರೆದರು.

“ಹಾಗಲ್ಲ ಮೇಷ್ಟ್ರೇ. ಮೇಡಂ ಹತ್ರ ಬಾಯಿ ಬಿಡಿ.”

ಬಾಯಿ ಮುಚ್ಚಿದರು. ಕಿವಿಯ ತನಕ ಕೆಂಪಾದರು. ಅರವತ್ತು ದಾಟಿದವರು ಅಷ್ಟು ಕೆಂಪಾಗುವುದನ್ನು ನಾನು ಮೊದಲು ನೋಡಿರಲಿಲ್ಲ. ಡಾಕ್ಟರು ಟವೆಲಿನಲ್ಲಿ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತಿದ್ದರು. “ಹುಡುಗಿ ಸರಿಯಾಗೇ ಹೇಳ್ತಿದಾಳೆ. ನಂಗೂ ಇದಕ್ಕಿಂತ ಬೇರೆ ಚಿಕಿತ್ಸೆ ತೋಚ್ತಿಲ್ಲ” ಅಂದರು.

“ಈ ವಯಸ್ಸಿನಲ್ಲಿ ಹೋಗಿ ಏನಂತ ಹೇಳೋದು?” ಮೇಷ್ಟ್ರು ಕೇಳಿದರು.

“ಗಿಡ ತಂದಿದೀನಿ ಅನ್ನಿ” ಅಂದೆ.

ಶನಿವಾರ ಬೆಳಿಗ್ಗೆ ಹೊರಟರು. ಹಲ್ಲುಸೆಟ್ಟು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಡಾಕ್ಟರು ತಮ್ಮ ಯಂತ್ರದಿಂದ ಆರು ತೂತು ಕೊರೆದುಕೊಟ್ಟರು. ಒದ್ದೆ ಹತ್ತಿಯ ಮೇಲೆ ತೊಗಟೆಯ ತುಂಡು ಇಟ್ಟು ನಾನು ಮುಚ್ಚಿದೆ. ಬಸ್ಸಿನಲ್ಲಿ ಐದು ಗಂಟೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದರಂತೆ. ಪಕ್ಕದವನು, “ಯಜಮಾನ್ರೇ, ಅದನ್ನ ಬಾಯಲ್ಲೇ ಹಾಕ್ಕೊಂಡ್ರೆ ಹಿಡ್ಕೊಳ್ಳೋ ಕಷ್ಟ ಇರಲ್ವಲ್ಲ” ಅಂದನಂತೆ.

ಭಾನುವಾರ ಬರಬೇಕಾದವರು ಬುಧವಾರ ಬಂದರು. ಏನಾಯಿತು ಅಂತ ನಾವಿಬ್ಬರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ತಿಂಗಳು ಕಳೆಯುವುದರೊಳಗೆ ಅಂಚೆ ಕಚೇರಿಯ ಹಿಂದಿನ ಮನೆ ಖಾಲಿ ಮಾಡಿದರು. ಮದುವೆಯಾದ ಮಗಳು ಬಂದು, ಈ ವಯಸ್ಸಲ್ಲಿ ಊರು ಬಿಟ್ಟು ಊರಿಗೆ ಯಾಕೆ ಅಂತ ಒಂದು ದಿನ ಜಗಳವಾಡಿದಳು, ಎರಡನೆಯ ದಿನ ಪಾತ್ರೆ ಕಟ್ಟಿಕೊಟ್ಟಳು. ಬಟ್ಟೆ ಒಂದು ಪೆಟ್ಟಿಗೆ, ನಕ್ಷೆಗಳು ನಾಲ್ಕು ಸುರುಳಿ. ಅಷ್ಟೇ ಸಾಮಾನು.

ಮದುವೆಯಾಗಲಿಲ್ಲ ಅವರು. ಹಲ್ಲಕ್ಕನ ಬೀದಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಬೆಳಿಗ್ಗೆ ಹತ್ತಕ್ಕೆ ಬಂದು, ಅಕ್ಕನಿಗೆ ಪೇಪರು ಓದಿ ಹೇಳಿ, ಮೂವರೂ ಊಟ ಮಾಡಿ, ಸಂಜೆ ದೀಪ ಹಾಕುವ ಹೊತ್ತಿಗೆ ತಮ್ಮ ಕೋಣೆಗೆ ಹೋಗುತ್ತಿದ್ದರು. ಹಲ್ಲಕ್ಕ ಕಾಗದದಲ್ಲಿ ಬರೆಯುತ್ತಿದ್ದರು. ‘ಮೇಷ್ಟ್ರು ತರಕಾರಿ ಹೆಚ್ಚಲು ಕಲಿತಿದ್ದಾರೆ. ಒಂದೊಂದು ತುಂಡೂ ಒಂದೊಂದು ಖಂಡದ ಆಕಾರದಲ್ಲಿರುತ್ತದೆ.’ ಇನ್ನೊಂದರಲ್ಲಿ, ‘ಅಕ್ಕನೂ ಮೇಷ್ಟ್ರೂ ಸೇರಿ ನನ್ನ ವಿರುದ್ಧ ಪಕ್ಷ ಕಟ್ಟಿದ್ದಾರೆ.’ ಹನ್ನೊಂದು ವರ್ಷ ಹೀಗೆ ನಡೆಯಿತು. ನಾನು ಎರಡು ಸಲ ಹೋಗಿ ಬಂದೆ, ಒಂದು ಸಲ ನನ್ನ ಗಂಡನ ಜೊತೆ, ಇನ್ನೊಂದು ಸಲ ಮಗಳನ್ನು ಎತ್ತಿಕೊಂಡು. ಮೊದಲು ಅಕ್ಕ ಹೋದರು. ಅದಾಗಿ ಎರಡು ವರ್ಷಕ್ಕೆ ಮೇಷ್ಟ್ರು, ಜ್ವರ ಅಂತ ಮಲಗಿದವರು ನಾಲ್ಕನೆಯ ದಿನಕ್ಕೆ.

ಸುದ್ದಿ ತಿಳಿದು ನಾನು ಹೋದಾಗ ವಾರ ಕಳೆದಿತ್ತು. ಹಲ್ಲಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ನಡುಗುತ್ತದೆ ಅಂತ ಹಲ್ಲು ಕಟ್ಟುವುದನ್ನು ಬಿಟ್ಟಿದ್ದರು. ಮೇಷ್ಟ್ರ ಕೋಣೆ ಖಾಲಿ ಮಾಡಿಕೊಡಬೇಕಿತ್ತು, ಇಬ್ಬರೂ ಹೋದೆವು. ನಾಲ್ಕೂ ಗೋಡೆಗೆ ನಕ್ಷೆ ಹೊಡೆದಿದ್ದರು. ಅವನ್ನು ಬಿಚ್ಚಿ ಧೂಳು ಕೊಡವುತ್ತಾ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ.

“ಅಕ್ಕಾ, ಅವತ್ತು ಡಬ್ಬಿ ಹಿಡ್ಕೊಂಡು ಬಂದಾಗ ಮೇಷ್ಟ್ರು ಏನು ಹೇಳಿದ್ರು?”

ಹಲ್ಲಕ್ಕ ಸ್ಟೂಲಿನ ಮೇಲೆ ಕೂತರು. “ಏನು ಹೇಳ್ತಾರೆ. ಬಾಗಿಲಲ್ಲಿ ನಿಂತು, ‘ಬೇರು ಬಿಟ್ಟಿದೆ’ ಅಂದ್ರು. ನಾನು, ‘ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ’ ಅಂದೆ.”

“ಅಷ್ಟೇನಾ?”

“ಊಟ ಮಾಡೋವಾಗ ಇನ್ನೊಂದು ಮಾತು ಹೇಳಿದ್ರು. ನಿಮ್ಮ ಹತ್ರ ಸುಳ್ಳು ಹೇಳಿದೀನಿ, ಆ ಹಲ್ಲು ಯಾವತ್ತೂ ಅಲ್ಲಾಡಿಲ್ಲ ಅಂತ. ನಂಗೆ ಗೊತ್ತಿತ್ತು ಕಣೇ. ನಾನು ಕಟ್ಟಿದ ಹಲ್ಲು ಅಲ್ಲಾಡತ್ತಾ?”

ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನಕ್ಷೆ ಸುತ್ತತೊಡಗಿದೆ. ಮಧ್ಯಾಹ್ನಕ್ಕೆ ಹತ್ತಿರದ ಶಾಲೆಯ ಟೀಚರೊಬ್ಬಳು ಬಂದು ನಾಲ್ಕು ಸುರುಳಿಯನ್ನೂ ಎಣಿಸಿ ತೆಗೆದುಕೊಂಡು ಹೋದಳು, ಮಕ್ಕಳಿಗೆ ಉಪಯೋಗವಾಗುತ್ತದೆ ಅಂತ. ಒಂದನ್ನಾದರೂ ಇಟ್ಟುಕೊಳ್ಳಿ ಅಂದೆ. ಬೇಡ ಅಂದರು.

ನಕ್ಷೆ ಇದ್ದ ಕಡೆಯೆಲ್ಲ ಗೋಡೆಯ ಮೇಲೆ ಬಿಳಿ ಚೌಕಗಳು ಉಳಿದಿದ್ದವು. ಕೋಣೆಯ ಯಜಮಾನಿ ಬಂದು ನೋಡಿ ಮುಖ ಸಿಂಡರಿಸಿದಳು. ಹೊಸಬರು ಬರುವ ಮೊದಲು ಬಣ್ಣ ಹೊಡೆಸಬೇಕು ಅಂದಳು. ಹಲ್ಲಕ್ಕ ಅವಳ ಜೊತೆ ನಿಂತು ಗೋಡೆಯನ್ನು ಹಲ್ಲಿನ ಬಣ್ಣ ಹೊಂದಿಸುವಾಗಿನ ಕಣ್ಣಿನಿಂದ ದಿಟ್ಟಿಸಿದರು. ತೀರಾ ಬಿಳಿ ಬೇಡ, ಒಂದು ಹನಿ ಹಳದಿ ಸೇರಿಸಲಿ ಅಂದರು. ಯಜಮಾನಿ ನೀಲಿ ಅಂದಳು. ನನ್ನನ್ನು ಕೇಳಿದರು, ನಾನು ಹಲ್ಲಕ್ಕನ ಪಕ್ಷ ಹಿಡಿದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಖಾಲಿ ಕೋಣೆಯ ನೆಲದ ಮೇಲೆ ಕೂತು, ಎಷ್ಟು ಡಬ್ಬಿ ಬಣ್ಣ ಬೇಕಾಗಬಹುದು ಅಂತ ಮಾತಾಡಿದೆವು.